ಬಿರುಕು ಮುಚ್ಚುವ ವಿದ್ಯೆ: ವಿಮಾನದಿಂದ ಬಸ್ಸಿಗೆ, ಬಸ್ಸಿನಿಂದ ಓಡುವ ಮನೆಗೆ



ಈ ವಾರದ ಮಾತುಕತೆಯ ಕಾರ್ಯಕ್ರಮದಲ್ಲಿ ನೀವು ಒಂದು ಹಳೆಯ ವ್ಯಾನನ್ನು ನೋಡಲಿದ್ದೀರಿ. ಅದರ ಎಡಮಗ್ಗುಲಿನ ಮೇಲ್ಭಾಗದಲ್ಲಿ, ಚಾವಣಿಗೆ ಹತ್ತುವ ಏಣಿಯ ಪಕ್ಕದಲ್ಲಿ, ಎರಡು ಅಂಗೈ ಅಗಲದ ಒಂದು ತೇಪೆ ಇದೆ. ಬಣ್ಣ ಚೂರು ಬೇರೆಯಾಗಿರುವುದರಿಂದ ಗಮನವಿಟ್ಟು ನೋಡಿದರೆ ಕಾಣುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಆ ತೇಪೆಯ ಕಥೆ ಹೇಳಲು ಸಮಯ ಸಾಲದು. ಆದ್ದರಿಂದ ಅದನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಕಥೆ ನಮ್ಮ ವ್ಯಾನಿನದಾದರೂ ಅದರ ಬೇರು ಬೆಂಗಳೂರಿನ ಪೂರ್ವ ಭಾಗದ ಎಂಬತ್ತು ವರ್ಷಗಳ ಇತಿಹಾಸದಲ್ಲಿದೆ.

ಹೊರಾಂಗಣ ಚಿತ್ರೀಕರಣಕ್ಕೆ ಹೋಗುವ ಆ ವ್ಯಾನು ಅರ್ಧ ಕಚೇರಿ, ಅರ್ಧ ಮನೆ. ಉಪಕರಣಗಳ ಕಪಾಟುಗಳ ಜೊತೆಗೆ ಮಲಗಲು ಎರಡು ಹಲಗೆ, ಒಂದು ನೀರಿನ ತೊಟ್ಟಿ, ಕಾಫಿ ಕಾಯಿಸಲು ಒಂದು ಸ್ಟೌ ಇದ್ದವು. ಹೊರದೇಶಗಳಲ್ಲಿ ಮೋಟಾರ್ ಹೋಮ್ ಎಂದೂ ನಮ್ಮಲ್ಲಿ ಈಚೆಗೆ ಕ್ಯಾರವಾನ್ ಎಂದೂ ಕರೆಯುವ ಓಡುವ ಮನೆಗೆ ಅದು ಬಡ ಬಂಧು. ಅದರ ಹೊರಕವಚ ತಗಡಿನದಲ್ಲ. ಗ್ಯಾರೇಜುಗಳಲ್ಲಿ ಎಲ್ಲರೂ ‘ಫೈಬರ್’ ಎನ್ನುವ, ಗಾಜಿನ ನಾರು ಮತ್ತು ರೆಸಿನ್ ಸೇರಿಸಿ ಮಾಡಿದ ಹಾಳೆ. ಸುಮಾರು ಹದಿನೈದು ವರ್ಷಗಳ ಹಿಂದೆ ಏಣಿಯ ಬೋಲ್ಟಿನ ಬಳಿ ಒಂದು ಕೂದಲೆಳೆಯ ಬಿರುಕು ಕಾಣಿಸಿಕೊಂಡಿತು. ಆ ತಿಂಗಳು ನನ್ನ ಕೈಯಲ್ಲಿ ಎರಡು ಕಾರ್ಯಕ್ರಮಗಳಿದ್ದವು. ‘ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿ’ ಎಂದು ಬರೆದು ಸಹಿ ಹಾಕಿದವನು ನಾನೇ. ವಿಜ್ಞಾನದ ಪದವೀಧರನಾಗಿದ್ದೂ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ: ಬಿರುಕು ಅಲ್ಲೇ ಏಕೆ ಹುಟ್ಟಿತು?

ಬ್ರೂಕ್‌ಫೀಲ್ಡಿನ ಒಂದು ಮನೆ

ಅದೇ ಮಳೆಗಾಲದಲ್ಲಿ ನಾವು ಬ್ರೂಕ್‌ಫೀಲ್ಡಿಗೆ ಹೋಗಿದ್ದೆವು. ವೈಟ್‌ಫೀಲ್ಡಿಗೂ ಮಾರತ್ತಹಳ್ಳಿಗೂ ನಡುವೆ, ಕುಂದಲಹಳ್ಳಿಯ ಪಕ್ಕದಲ್ಲಿರುವ ಆ ಪ್ರದೇಶವನ್ನು ನಿಮ್ಮಲ್ಲಿ ಹಲವರು ಸಾಫ್ಟ್‌ವೇರ್ ಕಂಪನಿಗಳ ನೆರೆಯೆಂದೇ ಬಲ್ಲಿರಿ. ಆದರೆ ಅಲ್ಲಿನ ಬಡಾವಣೆಯೊಂದರ ಹೆಸರು ಬಿ.ಇ.ಎಂ.ಎಲ್. ಬಡಾವಣೆ. ಒಂದು ಕಾರ್ಖಾನೆಯ ಹೆಸರು ಅಲ್ಲಿ ಏಕೆ ಇದೆ ಎಂದು ಯಾರೂ ಸಾಮಾನ್ಯವಾಗಿ ಯೋಚಿಸುವುದಿಲ್ಲ. ನಾವು ಭೇಟಿಯಾಗಲು ಹೋದದ್ದು ಆ ಭಾಗದಲ್ಲಿ ನೆಲೆಸಿದ್ದ, ಎಪ್ಪತ್ತು ದಾಟಿದ್ದ ಒಬ್ಬ ನಿವೃತ್ತ ಕಾರ್ಮಿಕರನ್ನು. ಐವತ್ತರ ದಶಕದ ಕೊನೆಯಲ್ಲಿ ಹುಡುಗನಾಗಿ ಕಾರ್ಖಾನೆ ಸೇರಿ, ಲೋಹದ ಹೊರಕವಚಕ್ಕೆ ರಿವೆಟ್ ಹೊಡೆಯುವುದನ್ನು ಕಲಿತವರು ಅವರು.

ನಲವತ್ತು ನಿಮಿಷ ಅವರು ನಿಲ್ಲಿಸದೆ ಮಾತನಾಡಿದರು. ತಮಗೆ ಕೆಲಸ ಕಲಿಸಿದ ಮೇಸ್ತ್ರಿಯ ಬಗ್ಗೆ, ಯುದ್ಧದ ಕಾಲದಲ್ಲಿ ಆ ಮೇಸ್ತ್ರಿ ವಿಮಾನಗಳ ಮೇಲೆ ಕೈ ಪಳಗಿಸಿಕೊಂಡ ಬಗ್ಗೆ, ಕಣ್ಣಿಗಿಂತ ಮುಂಚೆ ಬೆರಳಿಗೆ ಬಿರುಕು ಸಿಗಬೇಕೆಂಬ ಅವರ ಪಾಠದ ಬಗ್ಗೆ. ಟೇಪುಗಳನ್ನು ವ್ಯಾನಿನ ಎಡಗಡೆಯ ಕಪಾಟಿನಲ್ಲಿಟ್ಟೆವು. ಆ ರಾತ್ರಿ ಜೋರು ಮಳೆ. ಪುಟ್ಟಿಯ ಕೆಳಗೆ ಬಿರುಕು ಸದ್ದಿಲ್ಲದೆ ಬೆಳೆದಿತ್ತು. ಬೆಳಿಗ್ಗೆ ಕಪಾಟು ತೆರೆದಾಗ ಟೇಪುಗಳು ನೀರಿನಲ್ಲಿ ನೆನೆದಿದ್ದವು.

ಆ ಹಿರಿಯರು ಮಾಡಿದ್ದೇನು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಅವರ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ನೀವು ತಿಳಿಯಬೇಕು.

ವಿಮಾನದ ಕಾರ್ಖಾನೆಯಲ್ಲಿ ಬಸ್ಸು

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರು. ನಗರದ ಪೂರ್ವಕ್ಕೆ ಸಂಸ್ಥಾನವು ನೆಲ ಕೊಟ್ಟಿತು. ಆ ಸ್ಥಳವೇ ಇಂದಿನ ವಿಮಾನಪುರ. 1942ರಲ್ಲಿ, ಯುದ್ಧದ ಬಿಸಿ ಏರಿದಾಗ, ಭಾರತ ಸರ್ಕಾರವು ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಯ ದುರಸ್ತಿ ಕೇಂದ್ರವಾಯಿತು.

ಇಲ್ಲಿ ಒಂದು ಮಾತನ್ನು ಗಮನಿಸಿ. ವಿಮಾನ ‘ತಯಾರಿಸುವ’ ಕನಸಿನಿಂದ ಹುಟ್ಟಿದ ಕಾರ್ಖಾನೆ ತನ್ನ ಬಾಲ್ಯದ ಬಹುಪಾಲನ್ನು ವಿಮಾನ ‘ರಿಪೇರಿ’ ಮಾಡುವುದರಲ್ಲಿ ಕಳೆಯಿತು. ಗುಂಡು ತಗಲಿದ, ಬಿರುಕು ಬಿಟ್ಟ, ಹಾರಿ ಹಾರಿ ದಣಿದ ವಿಮಾನಗಳು ಬೆಂಗಳೂರಿಗೆ ಬರುತ್ತಿದ್ದವು. ಸುತ್ತಮುತ್ತಲ ಊರುಗಳ ಯುವಕರು ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಕತ್ತರಿಸುವುದನ್ನೂ ರಿವೆಟ್ ಸಾಲು ಹೊಡೆಯುವುದನ್ನೂ ತೇಪೆ ಹಾಕುವುದನ್ನೂ ಕಲಿತರು. ಒಂದು ದೇಶಕ್ಕೆ ಕೈಕೆಲಸ ಬಲ್ಲವರ ಪಡೆ ಹೀಗೂ ಸಿದ್ಧವಾಗುತ್ತದೆ.

ಯುದ್ಧ ಮುಗಿದ ಕೂಡಲೇ ವಿಮಾನಗಳ ಕೆಲಸ ಇಳಿಯಿತು. ಇಷ್ಟು ಜನ, ಇಷ್ಟು ಯಂತ್ರ, ಇಷ್ಟು ವಿದ್ಯೆ: ಏನು ಮಾಡುವುದು? ಕಾರ್ಖಾನೆಯು ಲೋಹದ ರೈಲು ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಲು ಶುರು ಮಾಡಿತು. ಅಲ್ಲಿಯವರೆಗೆ ನಮ್ಮ ಬಸ್ಸುಗಳ ಬಾಡಿ ಎಂದರೆ ಹೆಚ್ಚಾಗಿ ಮರದ ಚೌಕಟ್ಟು, ಅದರ ಮೇಲೆ ಮೊಳೆ ಹೊಡೆದ ತಗಡು. ಮಳೆಗೆ ಮರ ಉಬ್ಬುತ್ತಿತ್ತು, ಬಿಸಿಲಿಗೆ ಕುಗ್ಗುತ್ತಿತ್ತು, ಮೊಳೆ ಸಡಿಲವಾಗುತ್ತಿತ್ತು. ವಿಮಾನದಿಂದ ಬಂದ ರಿವೆಟ್ ವಿದ್ಯೆ ಚೌಕಟ್ಟನ್ನೂ ಕವಚವನ್ನೂ ಒಂದಾಗಿಸಿತು.

ಸಮಯವೂ ಕೂಡಿಬಂತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್‌ನಲ್ಲಿ ಅದು ನಿಗಮವಾಯಿತು. ನೀವು ಇಂದು ನೋಡುವ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಹುಟ್ಟು ಅಲ್ಲಿದೆ. ಸರ್ಕಾರಿ ಬಸ್ಸುಗಳು ಹೆಚ್ಚಿದಂತೆ ಬಾಡಿ ಕಟ್ಟುವ, ಬಾಡಿ ರಿಪೇರಿ ಮಾಡುವ ಕೆಲಸವೂ ಹೆಚ್ಚಿತು. ಕಾಲಕ್ರಮದಲ್ಲಿ ನಿಗಮಕ್ಕೇ ಕೆಂಗೇರಿ, ಹಾಸನ, ಹುಬ್ಬಳ್ಳಿಗಳಲ್ಲಿ ದೊಡ್ಡ ಕಾರ್ಯಾಗಾರಗಳು ಬಂದವು.

ಇತ್ತ ವಿಮಾನದ ಕಾರ್ಖಾನೆಯಲ್ಲಿ ರೈಲು ಬೋಗಿಯ ವಿಭಾಗ ಬೆಳೆದು ಬೇರೆಯಾಗುವ ಹಂತಕ್ಕೆ ಬಂತು. 1964ರ ಮೇ ತಿಂಗಳಲ್ಲಿ ಭಾರತ್ ಅರ್ಥ್ ಮೂವರ್ಸ್, ಅಂದರೆ ಬಿ.ಇ.ಎಂ.ಎಲ್., ಸ್ಥಾಪನೆಯಾಯಿತು. 1965ರ ಜನವರಿಯಲ್ಲಿ ಆ ರೈಲು ಬೋಗಿ ವಿಭಾಗದೊಂದಿಗೆ ಅದು ಕೆಲಸ ಆರಂಭಿಸಿತು. ಬ್ರೂಕ್‌ಫೀಲ್ಡಿನ ಬಡಾವಣೆಗೆ ಆ ಹೆಸರು ಏಕೆ ಬಂತೆಂಬುದು ಈಗ ನಿಮಗೆ ಹೊಳೆದಿರಬೇಕು.

ಬಿರುಕು ಏಕೆ ಬೆಳೆಯುತ್ತದೆ?

ಈಗ ಒಂದಿಷ್ಟು ವಿಜ್ಞಾನ. ಬಟ್ಟೆ ಅಂಗಡಿಯಲ್ಲಿ ನೀವು ನೋಡಿರುತ್ತೀರಿ. ಅಂಗಡಿಯವನು ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕುತ್ತಾನೆ, ಆಮೇಲೆ ಎರಡೂ ಕೈಯಿಂದ ಎಳೆದು ‘ಪರ್ರ್’ ಎಂದು ಹರಿಯುತ್ತಾನೆ. ಕಚ್ಚು ಇಲ್ಲದೆ ಅದೇ ಬಟ್ಟೆಯನ್ನು ಹರಿಯಲು ಹೋದರೆ ಪೈಲ್ವಾನನೂ ಬೆವರಬೇಕು. ಬಟ್ಟೆಯ ಬಲ ಅಷ್ಟೇ ಇದೆ. ಆದರೆ ಕಚ್ಚಿನ ತುದಿಯಲ್ಲಿ ಎಳೆತವೆಲ್ಲ ಒಂದೇ ನೂಲಿನ ಮೇಲೆ ಬೀಳುತ್ತದೆ. ಅದು ತುಂಡಾದರೆ ಮುಂದಿನ ನೂಲು, ಅದಾದ ಮೇಲೆ ಅದರ ಮುಂದಿನದು.

1913ರಲ್ಲಿ ಇಂಗ್ಲಿಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ ಲೆಕ್ಕ ಹಾಕಿಕೊಟ್ಟರು. ಎಳೆತಕ್ಕೆ ಒಳಗಾದ ಹಾಳೆಯಲ್ಲಿ ಒಂದು ದುಂಡು ತೂತು ಇದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ತೂತು ಉದ್ದವಾಗಿ ಕಿರಿದಾದಷ್ಟೂ ಈ ಪ್ರಮಾಣ ಏರುತ್ತದೆ. ಎಳೆತಕ್ಕೆ ಅಡ್ಡಲಾಗಿ ಚಾಚಿದ, ಅಗಲಕ್ಕಿಂತ ಹತ್ತು ಪಟ್ಟು ಉದ್ದವಾದ ಮೊಟ್ಟೆಯಾಕಾರದ ತೂತಿನ ತುದಿಯಲ್ಲಿ ಅದು ಇಪ್ಪತ್ತೊಂದು ಪಟ್ಟು. ಕೂದಲೆಳೆಯ ಬಿರುಕಿನ ತುದಿಯಲ್ಲಿ ಎಷ್ಟಾಗಬಹುದೆಂದು ನೀವೇ ಊಹಿಸಿ. ಮೇಸ್ತ್ರಿಗಳು ಬಿರುಕಿನ ತುದಿಗೆ ಡ್ರಿಲ್ಲಿನಿಂದ ಒಂದು ಪುಟ್ಟ ದುಂಡು ತೂತು ಹಾಕುವುದೇಕೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಚೂಪಾದ ತುದಿ ದುಂಡಾದರೆ ಬಿರುಕಿನ ಓಟ ನಿಲ್ಲುತ್ತದೆ, ಕನಿಷ್ಠ ತಡವಾಗುತ್ತದೆ. ‘ಬಿರುಕು ದೊಡ್ಡದಾಯಿತಲ್ಲ’ ಎಂದು ನೋಡುವವರಿಗೆ ಅನಿಸಬಹುದು. ಅದು ಬಿರುಕಿಗೆ ಹಾಕಿದ ಬೇಲಿ.

ಇನ್ನೊಂದು ಅಂಶವಿದೆ. ಒಂದೇ ಸಲಕ್ಕೆ ಮುರಿಯದ ವಸ್ತುವನ್ನು ಸಣ್ಣ ಬಲದಿಂದ ಸಾವಿರ ಸಲ ಬಾಗಿಸಿದರೆ ಅದು ಮುರಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ತುಂಡು ಮಾಡುವ ಆಟ ನಿಮಗೆ ಗೊತ್ತು. ಲೋಹಕ್ಕೆ ಬರುವ ಈ ದಣಿವಿನ ಕಥೆಯಲ್ಲಿ ಅತ್ಯಂತ ದುಃಖದ ಅಧ್ಯಾಯ ಕಾಮೆಟ್ ವಿಮಾನದ್ದು. 1952ರ ಮೇ ತಿಂಗಳಲ್ಲಿ ಪ್ರಯಾಣಿಕರ ಸೇವೆಗೆ ಬಂದ ಈ ಬ್ರಿಟಿಷ್ ಜೆಟ್ ವಿಮಾನ ಜಗತ್ತಿನಲ್ಲೇ ಅಂಥದ್ದರಲ್ಲಿ ಮೊದಲನೆಯದು. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಆಕಾಶದಲ್ಲೇ ಒಡೆದು 35 ಮಂದಿ ಸತ್ತರು. ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೊಂದು ಒಡೆದು 21 ಮಂದಿ ಸತ್ತರು. ವಿಜ್ಞಾನಿಗಳು ಫಾರ್ನ್‌ಬರೋದಲ್ಲಿ ಒಂದು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯೊಳಗಿಟ್ಟು, ಹಾರಾಟದಲ್ಲಿ ಆಗುವಂತೆ ಮತ್ತೆ ಮತ್ತೆ ಒತ್ತಡ ಏರಿಸಿ ಇಳಿಸಿದರು. ನಿಜವಾದ ಹಾರಾಟಗಳನ್ನೂ ತೊಟ್ಟಿಯ ಪರೀಕ್ಷೆಯನ್ನೂ ಕೂಡಿಸಿ 3,057ನೆಯ ಸಲಕ್ಕೆ ಅದು ಸೀಳಿತು. ಕಿಂಡಿಗಳ ಮೂಲೆಗಳ ಬಳಿ, ತೂತುಗಳ ಅಂಚಿನಲ್ಲಿ ಹುಟ್ಟಿದ ದಣಿವಿನ ಬಿರುಕೇ ಕಾರಣವೆಂದು ಸಿದ್ಧವಾಯಿತು.

ಬಸ್ಸಾಗಲಿ, ಓಡುವ ಮನೆಯಾಗಲಿ, ರಸ್ತೆಯ ಪ್ರತಿ ಗುಂಡಿಗೂ ಅದರ ಒಡಲು ಸ್ವಲ್ಪ ತಿರುಚಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಕಾಲೇಜು ಬಸ್ಸಿನಲ್ಲಿ ಬಿರುಕು ಹುಡುಕುವುದಾದರೆ ಕಿಟಕಿಯ ಮೂಲೆ, ಬಾಗಿಲಿನ ಮೂಲೆ, ಬೋಲ್ಟಿನ ತೂತು, ಈ ಮೂರು ಕಡೆ ಮೊದಲು ನೋಡಿ.

ಗಾಜಿನಿಂದ ಗಟ್ಟಿ ಹಾಳೆ

ಫೈಬರ್ ಹಾಳೆಯ ಇತಿಹಾಸವೂ ಬಿರುಕಿನ ಅಧ್ಯಯನದ ಜೊತೆಗೇ ಬೆಳೆಯಿತು. ಫಾರ್ನ್‌ಬರೋದಲ್ಲೇ ಕೆಲಸ ಮಾಡುತ್ತಿದ್ದ ಗ್ರಿಫಿತ್ ಎಂಬ ವಿಜ್ಞಾನಿ 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಗಾಜು ಸುಲಭವಾಗಿ ಒಡೆಯಲು ಅದರಲ್ಲಿರುವ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣ ಎಂದರು. ಹಾಗಾದರೆ ಬಿರುಕಿಗೆ ಜಾಗವೇ ಇಲ್ಲದಷ್ಟು ತೆಳುವಾಗಿ ಗಾಜನ್ನು ಎಳೆದರೆ? ಅವರು ಎಳೆದು ನೋಡಿದರು. ಅತಿ ತೆಳುವಾದ ಗಾಜಿನ ಎಳೆ ದಪ್ಪ ಕಡ್ಡಿಗಿಂತ, ಅಡ್ಡಕೊಯ್ತದ ಲೆಕ್ಕದಲ್ಲಿ, ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಬಲ ತೋರಿಸಿತು.

ಮೂವತ್ತರ ದಶಕದಲ್ಲಿ ಅಮೆರಿಕದಲ್ಲಿ ಗಾಜಿನ ನಾರನ್ನು ಕಾರ್ಖಾನೆಯಲ್ಲಿ ತಯಾರಿಸುವ ವಿಧಾನ ಬಂತು. ಅದನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿ ಗಟ್ಟಿ ಮಾಡುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಢಿಗೆ ಬಂತು. ರೇಡಿಯೋ ಅಲೆಗಳನ್ನು ತಡೆಯದ ಗುಣ ಇದ್ದುದರಿಂದ ವಿಮಾನದ ರೇಡಾರಿನ ಮುಚ್ಚಳಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಯುದ್ಧದ ನಂತರ ದೋಣಿಗೆ, ಕಾರಿಗೆ ಬಂತು. 1953ರ ಷೆವರ್ಲೆ ಕಾರ್ವೆಟ್ ಕಾರಿನ ಬಾಡಿ ಫೈಬರಿನದೇ.

ಓಡುವ ಮನೆಗಳೂ ಇದೇ ದಾರಿ ಹಿಡಿದವು. 1936ರಲ್ಲಿ ಅಮೆರಿಕದಲ್ಲಿ ಬಂದ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಎಳೆಬಂಡಿ ವಿಮಾನದಂತೆಯೇ ರಿವೆಟ್ ಹೊಡೆದ ಅಲ್ಯೂಮಿನಿಯಂ ಕವಚ ಹೊಂದಿತ್ತು. 1973ರಿಂದ 1978ರವರೆಗೆ ಜನರಲ್ ಮೋಟಾರ್ಸ್ ಕಂಪನಿ ಸುಮಾರು 13 ಸಾವಿರ ಮೋಟಾರ್ ಹೋಮ್‌ಗಳನ್ನು ತಯಾರಿಸಿತು. ಅವುಗಳ ಕವಚದಲ್ಲಿ ಅಲ್ಯೂಮಿನಿಯಂ ಮತ್ತು ಫೈಬರ್ ಎರಡೂ ಇದ್ದವು. ತಯಾರಿಕೆ ನಿಂತು ದಶಕಗಳು ಕಳೆದರೂ ಅವುಗಳಲ್ಲಿ ಎಷ್ಟೋ ಇನ್ನೂ ಓಡುತ್ತಿರಲು ಕಾರಣ, ಬಿರುಕು ಬಿಟ್ಟ ಹಾಳೆಗೆ ಸರಿಯಾಗಿ ತೇಪೆ ಹಾಕಬಲ್ಲ ಮಾಲೀಕರು.

ನಮ್ಮ ಬೆಂಗಳೂರಿನಲ್ಲಿ ಈ ವಿದ್ಯೆಗೆ ಆಸರೆಯಾದ ಸಂಸ್ಥೆಗಳಲ್ಲಿ ಪ್ರಮುಖವಾದದ್ದು 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ. ಇಲ್ಲಿಗೆ ಬಂದ ಹೊಸದರಲ್ಲಿ ಅದರ ಕಚೇರಿ ಇದ್ದದ್ದು ಜಯಮಹಲ್ ರಸ್ತೆಯಲ್ಲಿ, ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯದಲ್ಲಿ! ಅಲ್ಲಿ ವಿನ್ಯಾಸಗೊಂಡ ‘ಹಂಸ’ ಎಂಬ ಎರಡು ಆಸನಗಳ ವಿಮಾನದ ಒಡಲು ಪೂರ್ತಿ ನಾರು ಮತ್ತು ರೆಸಿನ್ನಿನದು. ಅದರ ಆರಂಭದ ಮಾದರಿ 1993ರಲ್ಲಿ ಹಾರಿತು. ಹಂಸ-3ಕ್ಕೆ 2000ದಲ್ಲಿ ಪ್ರಮಾಣಪತ್ರ ಸಿಕ್ಕಿತು. 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ಹಗುರ ಯುದ್ಧವಿಮಾನ ತೇಜಸ್‌ನ ಹೊರಕವಚದ ಬಹುಭಾಗ ಇಂಗಾಲದ ನಾರಿನದು. ಅದೇ 2001ರಲ್ಲಿ ಬೆಂಗಳೂರಿನ ರಸ್ತೆಗೆ ಬಂದ ‘ರೇವಾ’ ವಿದ್ಯುತ್ ಕಾರಿಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನ ಹೊರಹಾಳೆ.

ಫೈಬರಿಗೂ ಎ.ಬಿ.ಎಸ್.ಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇಡ್ಲಿ ಮತ್ತು ಬೆಲ್ಲವನ್ನು ನೆನೆಯಿರಿ. ಒಮ್ಮೆ ಬೆಂದ ಇಡ್ಲಿ ಮತ್ತೆ ಹಿಟ್ಟಾಗದು. ಬೆಲ್ಲವನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಅಚ್ಚು ಹಾಕಬಹುದು. ಪಾಲಿಯೆಸ್ಟರ್ ರೆಸಿನ್ ಇಡ್ಲಿಯ ಜಾತಿ. ಎ.ಬಿ.ಎಸ್. ಬೆಲ್ಲದ ಜಾತಿ; ಬಿಸಿ ಮಾಡಿ ಬೆಸೆಯಬಹುದು, ಅಸಿಟೋನ್‌ನಲ್ಲಿ ಕರಗಿಸಿ ಅಂಟಿಸಬಹುದು. ಒಂದರ ಮದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಹಳೆಯ ವಾಹನದ ಬಿರುಕು ಮುಚ್ಚುವ ಮೊದಲು ಹಾಳೆ ಯಾವುದರದೆಂದು ತಿಳಿಯಬೇಕಾದದ್ದು ಇದಕ್ಕಾಗಿ.

ತೇಪೆ ಹಾಕುವ ಕ್ರಮ

ಈಗ ಆ ಹಿರಿಯರ ಬಳಿಗೆ ಮರಳೋಣ. ತಲೆ ತಗ್ಗಿಸಿಕೊಂಡು ಅವರ ಮನೆಗೆ ಮತ್ತೆ ಹೋದೆ. ಟೇಪು ಹಾಳಾದ ಸುದ್ದಿ ಕೇಳಿ ಅವರು ಸಿಟ್ಟಾಗಲಿಲ್ಲ.

“ಗಾಡಿ ತಂದಿದ್ದೀಯೇನಪ್ಪಾ? ಮೊದಲು ಗಾಡಿ ತೋರಿಸು. ಮಾತು ಆಮೇಲೆ.”

ಜೇಬಿನಿಂದ ಒಂದು ನಾಣ್ಯ ತೆಗೆದು ಬಿರುಕಿನ ಸುತ್ತ ತಟ್ಟುತ್ತಾ ಹೋದರು. ಟಣ್, ಟಣ್, ಟಣ್... ಒಂದು ಕಡೆ ಸದ್ದು ‘ಡಬ್’ ಎಂದಿತು. ಸೀಮೆಸುಣ್ಣದಿಂದ ಅಲ್ಲಿ ಗುರುತು ಹಾಕಿದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿಯರು ಬೆರಳಿನಿಂದ ತಟ್ಟಿ ನೋಡುವ ವಿದ್ಯೆಯೇ ಇದು. ವಿಮಾನಗಳ ನಾರಿನ ಹಾಳೆಯಲ್ಲಿ ಪದರ ಬಿಟ್ಟಿದೆಯೇ ಎಂದು ನೋಡುವ ಸರಳ ಪರೀಕ್ಷೆಯೂ ಇದೇ. ಕಣ್ಣಿಗೆ ಕಂಡ ಬಿರುಕು ಗೇಣುದ್ದ. ಸೀಮೆಸುಣ್ಣದ ಗುರುತು ಅದರ ಎರಡರಷ್ಟು ದೂರ ಹೋಗಿತ್ತು.

“ಬಣ್ಣ ಬಳಿದು ಬಾಯಿ ಮುಚ್ಚಿಸಿದಿರಿ. ಅದು ಏನು ಹೇಳ್ತಿತ್ತು ಅಂತ ಕೇಳಲಿಲ್ಲ,” ಎಂದರು. ಅವರು ತೋರಿಸಿದ ಮೇಲೆ ಕಂಡಿತು: ಏಣಿಯ ಕೆಳಗಿನ ಬೋಲ್ಟು ಚೌಕಟ್ಟಿಗೆ ಕೂತಿರಲೇ ಇಲ್ಲ. ಹತ್ತಿ ಇಳಿಯುವವರ ಭಾರವೆಲ್ಲ ತೆಳುವಾದ ಹಾಳೆಯ ಮೇಲೆ ಬೀಳುತ್ತಿತ್ತು. ನೂರು ಸಲ ಪುಟ್ಟಿ ತುಂಬಿದರೂ ನೂರೊಂದನೆಯ ಸಲ ಬಿರುಕು ಬರುತ್ತಿತ್ತು.

ಮುಂದಿನ ವಾರ ಒಂದು ಗ್ಯಾರೇಜಿನಲ್ಲಿ, ಅವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದಂತೆ, ಕೆಲಸ ನಡೆಯಿತು. ಕ್ರಮ ಹೀಗಿತ್ತು.

ಮೊದಲು ಕಾರಣ ನಿವಾರಣೆ: ಏಣಿಯನ್ನು ಕಬ್ಬಿಣದ ಪಟ್ಟಿಯೊಂದಿಗೆ ಚೌಕಟ್ಟಿಗೇ ಬಿಗಿದರು. ಎರಡನೆಯದಾಗಿ ಬಿರುಕಿನ ತುದಿಗಳಿಗೆ ಪುಟ್ಟ ದುಂಡು ತೂತು. ಮೂರನೆಯದಾಗಿ ಹಳೆಯ ಪುಟ್ಟಿ, ಬಣ್ಣ, ಪದರ ಬಿಟ್ಟ ಭಾಗ ಎಲ್ಲವನ್ನೂ ಉಜ್ಜಿ ತೆಗೆದು, ಅಂಚನ್ನು ಇಳಿಜಾರಾಗಿ ಸವೆಸಿದರು. ಹಾಳೆಯ ದಪ್ಪದ ಸುಮಾರು ಹನ್ನೆರಡು ಪಟ್ಟು ದೂರ ಈ ಇಳಿಜಾರು ಇರುವುದು ಒಳ್ಳೆಯ ರೂಢಿ. ಮೂರು ಮಿಲಿಮೀಟರ್ ದಪ್ಪವಿದ್ದರೆ ಪ್ರತಿ ಬದಿಗೆ ಮೂವತ್ತಾರು ಮಿಲಿಮೀಟರ್. ಹೊಸ ರೆಸಿನ್ ಹಳೆಯ, ಗಟ್ಟಿಯಾದ ರೆಸಿನ್ನಿನೊಂದಿಗೆ ಒಂದಾಗಿ ಬೆರೆಯುವುದಿಲ್ಲ; ಕೇವಲ ಅಂಟಿಕೊಳ್ಳುತ್ತದೆ. ಅಂಟಿಕೊಳ್ಳಲು ಜಾಗ ಹೆಚ್ಚಿದ್ದಷ್ಟೂ ತೇಪೆ ಗಟ್ಟಿ.

ನಾಲ್ಕನೆಯದಾಗಿ ಅಸಿಟೋನ್‌ನಿಂದ ಒರೆಸಿ ಒಣಗಿಸುವುದು. ತೇವ, ಎಣ್ಣೆ ಎರಡೂ ಅಂಟಿಗೆ ಶತ್ರು. ಐದನೆಯದಾಗಿ ರೆಸಿನ್ ಕಲಸುವುದು. ನೂರು ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಗ್ರಾಂ ಹಾರ್ಡನರ್ ಸಾಕು. ಹೆಚ್ಚಾದರೆ ಕಾವು ಏರಿ ಹಾಳೆ ಸುಕ್ಕುಗಟ್ಟಿ ಒಡೆಯುತ್ತದೆ. ಕಡಿಮೆಯಾದರೆ ದಿನಗಟ್ಟಲೆ ಜಿಗುಟಾಗಿಯೇ ಇರುತ್ತದೆ. ಆರನೆಯದಾಗಿ ಗಾಜಿನ ನಾರಿನ ತುಂಡುಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಕತ್ತರಿಸಿ, ರೆಸಿನ್ನಿನಲ್ಲಿ ನೆನೆಸಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತುತ್ತಾ ಪದರ ಪದರವಾಗಿ ಕೂರಿಸುವುದು. ಸಾಧ್ಯವಿದ್ದ ಕಡೆ ಒಳಗಡೆಯಿಂದಲೂ ಒಂದು ಪದರ. ಗಟ್ಟಿಯಾದ ಮೇಲೆ ಉಜ್ಜುವುದು, ಸಣ್ಣ ಗುಂಡಿಗಳಿಗೆ ಮಾತ್ರ ಪುಟ್ಟಿ, ಕೊನೆಗೆ ಬಣ್ಣ. ನಾನು ಮೊದಲ ಕೆಲಸವೆಂದು ಭಾವಿಸಿದ್ದು ಎಲ್ಲಕ್ಕಿಂತ ಕೊನೆಯ ಕೆಲಸವಾಗಿತ್ತು.

ಒಂದು ಎಚ್ಚರಿಕೆಯ ಮಾತು. ಇದನ್ನು ಓದಿ ನೀವಾಗಿಯೇ ಮನೆಯಲ್ಲಿ ಮಾಡಲು ಹೋಗಬೇಡಿ. ರೆಸಿನ್ನಿನ ಹೊಗೆ, ಗಾಜಿನ ಪುಡಿ ಎರಡೂ ಶ್ವಾಸಕೋಶಕ್ಕೆ ಕೆಟ್ಟವು. ಅಸಿಟೋನ್ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ. ಹಾರ್ಡನರ್ ಕಣ್ಣಿಗೆ ಬಿದ್ದರೆ ಕುರುಡಾಗುವ ಅಪಾಯವಿದೆ. ಹಾರ್ಡನರ್ ಮತ್ತು ರೆಸಿನ್ನಿಗೆ ಬೆರೆಸುವ ಕೋಬಾಲ್ಟ್ ದ್ರವವನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸ್ಫೋಟವೇ ಆಗಬಹುದು. ಗಾಳಿ ಆಡುವ ಜಾಗ, ಮುಖಗವಸು, ಕನ್ನಡಕ, ಕೈಗವಸು ಮತ್ತು ಕಲಿತ ಒಬ್ಬರು ಜೊತೆಗಿರುವುದು, ಇವೆಲ್ಲ ಬೇಕೇ ಬೇಕು. ನಿಮ್ಮೂರಿನ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ ಕಾರ್ಯಾಗಾರದಲ್ಲಿ ಕೇಳಿ ನೋಡಿ.

ಉಳಿದದ್ದು, ಉಳಿಯದ್ದು

ಹಳತನ್ನು ಉಳಿಸಿಕೊಳ್ಳುವ ಈ ವಿದ್ಯೆಗೆ ಇಂದು ಬೆಲೆ ಇಲ್ಲವೆಂದು ತಿಳಿಯಬೇಡಿ. ಹಲವು ಲಕ್ಷ ಕಿಲೋಮೀಟರ್ ಓಡಿದ ಬಸ್ಸುಗಳನ್ನು ಗುಜರಿಗೆ ಹಾಕುವ ಬದಲು, ಬಾಡಿ ಬಿಚ್ಚಿ, ತುಕ್ಕು ಹಿಡಿದ ಚೌಕಟ್ಟನ್ನು ಬದಲಿಸಿ, ಹೊಸ ಹಾಳೆ ಹೊದಿಸಿ ಮತ್ತೆ ರಸ್ತೆಗಿಳಿಸುವ ‘ಪುನಶ್ಚೇತನ’ದ ಕೆಲಸವನ್ನು ನಮ್ಮ ರಸ್ತೆ ಸಾರಿಗೆ ನಿಗಮದ ಕಾರ್ಯಾಗಾರಗಳು ಈಚಿನ ವರ್ಷಗಳಲ್ಲಿ ನೂರಾರು ಬಸ್ಸುಗಳಿಗೆ ಮಾಡಿವೆ. ಹೊಸ ಬಸ್ಸಿನ ಬೆಲೆಯ ಒಂದು ಸಣ್ಣ ಭಾಗದಲ್ಲಿ ಹಳೆಯ ಬಸ್ಸಿಗೆ ಇನ್ನಷ್ಟು ವರ್ಷ ಆಯುಷ್ಯ ಸಿಗುತ್ತದೆ. ಅತ್ತ ವಿಮಾನದ ಕಾರ್ಖಾನೆಯ ರೈಲು ವಿಭಾಗದಿಂದ ಹುಟ್ಟಿದ ಬಿ.ಇ.ಎಂ.ಎಲ್. ನಮ್ಮ ಮೆಟ್ರೋದ ಬೋಗಿಗಳನ್ನು ಕಟ್ಟಿಕೊಟ್ಟಿತು. ಆ ಮೆಟ್ರೋ 2011ರ ಅಕ್ಟೋಬರ್ 20ರಂದು ಓಡಲಾರಂಭಿಸಿತು. 2023ರಲ್ಲಿ ನೇರಳೆ ಮಾರ್ಗವು ಕುಂದಲಹಳ್ಳಿಯನ್ನು ಹಾದು ವೈಟ್‌ಫೀಲ್ಡಿನವರೆಗೆ ಮುಟ್ಟಿತು. ಬ್ರೂಕ್‌ಫೀಲ್ಡಿನ ನಿವೃತ್ತರು ಕಟ್ಟಿದ ಪರಂಪರೆಯ ಬೋಗಿಗಳು ಅವರ ಬಡಾವಣೆಯ ಬಳಿಗೇ ಬಂದವು.

ವ್ಯಾನು ಸರಿಯಾದ ಮೇಲೆ ಆ ಹಿರಿಯರು ಕ್ಯಾಮೆರಾದ ಮುಂದೆ ಮತ್ತೆ ಕುಳಿತರು. ಆದರೆ ಎರಡನೆಯ ಸಲ ಕಥೆ ಚಿಕ್ಕದಾಗಿತ್ತು. ಒಮ್ಮೆ ಹೇಳಿಬಿಟ್ಟ ಮಾತು ಎರಡನೆಯ ಬಾರಿ ಅದೇ ಬಿಸಿಯಲ್ಲಿ ಬರುವುದಿಲ್ಲ. ತಮಗೆ ಕಲಿಸಿದ ಮೇಸ್ತ್ರಿಯ ಹೆಸರು ಆ ದಿನ ಅವರ ನಾಲಿಗೆಗೆ ಬರಲೇ ಇಲ್ಲ. “ಆಮೇಲೆ ನೆನಪಾದರೆ ಹೇಳ್ತೀನಪ್ಪಾ” ಎಂದರು. ಎರಡು ವರ್ಷಗಳ ನಂತರ ಅವರು ತೀರಿಕೊಂಡರು. ಮೊದಲ ದಿನ ಆ ಹೆಸರನ್ನು ನಾನು ಕೇಳಿದ್ದೆ. ಟೇಪಿನಲ್ಲಿ ಇದೆಯಲ್ಲ ಎಂದು ಬರೆದುಕೊಂಡಿರಲಿಲ್ಲ. ಯುದ್ಧಕಾಲದಲ್ಲಿ ವಿಮಾನಗಳಿಗೆ ತೇಪೆ ಹಾಕಿ, ಒಂದು ಪೀಳಿಗೆಗೆ ಕೆಲಸ ಕಲಿಸಿದ ಒಬ್ಬ ಕನ್ನಡಿಗನ ಹೆಸರು ಹೀಗೆ ನನ್ನ ಅವಸರದ ಒಂದು ಸಹಿಯಿಂದ ಇತಿಹಾಸದಿಂದ ಜಾರಿಹೋಯಿತು.

ಆದ್ದರಿಂದ ನಿಮಗೆ ಎರಡು ಕೆಲಸ ಹೇಳುತ್ತೇನೆ. ಮುಂದಿನ ಸಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಅದರ ನಾಲ್ಕು ಮೂಲೆಗಳನ್ನು ನೋಡಿ. ಅವು ಏಕೆ ದುಂಡಾಗಿವೆ, ತೇಪೆಯಿದ್ದರೆ ಅದು ಎಲ್ಲಿದೆ, ಅಲ್ಲೇ ಏಕೆ ಇದೆ ಎಂದು ಯೋಚಿಸಿ. ಎರಡನೆಯದು, ನಿಮ್ಮ ಬೀದಿಯಲ್ಲಿ ಯಾವುದಾದರೂ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಅಥವಾ ಅಜ್ಜಿ ಇದ್ದರೆ, ಒಂದು ಭಾನುವಾರ ಹೋಗಿ ಮಾತನಾಡಿಸಿ. ಅವರಿಗೆ ಕೆಲಸ ಕಲಿಸಿದವರ ಹೆಸರು ಕೇಳಿ. ಕೇಳಿದ್ದನ್ನು ಅಲ್ಲೇ, ಆಗಲೇ, ಕಾಗದದ ಮೇಲೆ ಬರೆದುಕೊಳ್ಳಿ.